ಮಕ್ಕಳಿಗೆ ಹಬ್ಬ ಕಲಿಸೋದು ಹೇಗೆ? ದಾವಣಗೆರೆ–ಚಿತ್ರದುರ್ಗ ಸೀಮೆಯವರ ಅನುಭವ

ಕೇಳಿದವರು, ದಾವಣಗೆರೆ

ಹನ್ನೆರಡು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ಮರಳಿದ್ದೇವೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಹಬ್ಬ ಅಂದರೆ ಅವರಿಗೆ ರಜೆ, ಹೊಸ ಬಟ್ಟೆ, ಅಂಗಡಿಯ ಹೋಳಿಗೆ. ಅತ್ತೆ ಇದ್ದಾಗ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ನಾನು ಕೂತು ಕೇಳಿ ಕಲಿಯಲಿಲ್ಲ. ಈಗ ಅವರಿಲ್ಲ. ಯಾವ ಹಬ್ಬಕ್ಕೆ ಏನು ಅಡುಗೆ, ಏನು ಹಾಡು, ಯಾಕೆ ಮಾಡುತ್ತೇವೆ ಅನ್ನೋದು ಮಕ್ಕಳಿಗೆ ಗೊತ್ತಾಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ನಿಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳಿ.

ಹೊನ್ನಾಳಿ ಕಡೆಯ ಹಳ್ಳಿಯಿಂದ

ತಂಗಿ, ಎಲ್ಲ ಹಬ್ಬವನ್ನೂ ಒಂದೇ ವರ್ಷದಲ್ಲಿ ಹಿಡಿಯಲು ಹೋಗಬೇಡಮ್ಮ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹಾಗೆ ಮಾಡಿ ಸುಸ್ತಾಗಿದ್ದೆ. ಒಂದು ಹಬ್ಬ ಹಿಡಿ, ಅದನ್ನು ತುದಿಮುಟ್ಟ ಮಾಡು. ನನ್ನನ್ನು ಕೇಳಿದರೆ ಶೀಗಿ ಹುಣ್ಣಿಮೆ. ಭೂಮಿ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ದಸರಾ ಮುಗಿದ ಮೇಲೆ ಬರುವ ಹುಣ್ಣಿಮೆ.

ಯಾಕೆ ಅದೇ ಅಂದರೆ, ಆ ಹಬ್ಬದಲ್ಲಿ ಮಕ್ಕಳಿಗೆ ಏನನ್ನೂ ಬಾಯಲ್ಲಿ ವಿವರಿಸಬೇಕಾಗಿಲ್ಲ. ಹೊಲಕ್ಕೆ ಕರೆದುಕೊಂಡು ಹೋದರೆ ಸಾಕು. ಆ ಹೊತ್ತಿಗೆ ಮೆಕ್ಕೆಜೋಳ ತೆನೆ ಬಿಟ್ಟು ನಿಂತಿರುತ್ತದೆ, ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಭೂತಾಯಿ ಆಗ ಬಸುರಿ. ಬಸುರಿ ಹೆಂಗಸಿಗೆ ಬಯಕೆ ಇರುತ್ತದೆ ಅಲ್ವಾ? ಆ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ ಹೊಲಕ್ಕೆ ಒಯ್ಯುವುದೇ ಹಬ್ಬ. ಇಷ್ಟು ಹೇಳಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ನಮ್ಮ ಮನೆಯಲ್ಲಿ ಹಿಂದಿನ ರಾತ್ರಿಯೇ ಒಲೆ ಹೊತ್ತಿಸುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಡುಬು, ಮೊಸರನ್ನ. ಸಿಕ್ಕ ಸೊಪ್ಪನ್ನೆಲ್ಲ ಕೂಡಿಸಿ ಒಂದು ಪಲ್ಯ. ಬೆಳಗ್ಗೆ ಬುಟ್ಟಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಮುಚ್ಚಿ, ತಲೆ ಮೇಲೆ ಹೊತ್ತು ಹೊಲಕ್ಕೆ. ಬದುವಿನಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚುತ್ತೇವೆ, ಅವರು ಪಾಂಡವರು. ಪೈರಿಗೆ ಸೀರೆ ಉಡಿಸಿ, ಬಳೆ ಇಟ್ಟು, ಉಡಿ ತುಂಬುತ್ತೇವೆ. ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, "ಹುಲ್ಲುಲಿಗೋ" ಅಂತ ಕೂಗುತ್ತಾ ಹೊಲದ ಸುತ್ತ ಚೆಲ್ಲಿಕೊಂಡು ಬರುವುದು. ಮುಂದೆ ಒಬ್ಬರು ಚೆಲ್ಲುತ್ತಾರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತಾರೆ. ಇಲಿ, ಹಕ್ಕಿ, ಇರುವೆ ಎಲ್ಲಕ್ಕೂ ಅದರಲ್ಲಿ ಪಾಲು.

ನನ್ನ ಮೊಮ್ಮಗ ಮೊದಲ ಸಲ ಕೂಗುವಾಗ ನಾಚಿಕೊಂಡಿದ್ದ. ಪಕ್ಕದ ಹೊಲದಿಂದ ಯಾರೋ ತಿರುಗಿ ಕೂಗಿದರು. ಅದಕ್ಕೆ ಇವನು ಇನ್ನೂ ಜೋರಾಗಿ ಕೂಗಿದ. ಆಮೇಲೆ ನಾಲ್ಕೂ ದಿಕ್ಕಿನಿಂದ ಕೂಗು. ಅವತ್ತು ಅವನ ಮುಖ ನೋಡಬೇಕಿತ್ತು.

ಹಾಡಿನ ಮಾತು. ಭೂತಾಯಿಯನ್ನು ತವರಿಗೆ ಬಂದ ಮಗಳ ಹಾಗೆ ಮಾತಾಡಿಸುವ ಹಾಡುಗಳಿವೆ. ನಿನಗೇನು ಬೇಕು, ಹುಳಿ ಬೇಕಾ, ಸಿಹಿ ಬೇಕಾ ಅಂತ ಕೇಳುತ್ತಾ ಹೋಗುತ್ತವೆ. ಒಬ್ಬರು ಹೇಳಿಕೊಡಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಇದನ್ನು ಮೊಬೈಲ್‌ನಲ್ಲಿ ಹಾಕಿ ಕೇಳಿಸಿದರೆ ಮಕ್ಕಳ ನಾಲಿಗೆಗೆ ಹತ್ತುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಕೈಯಲ್ಲಿ ಕೆಲಸ ಇರುವಾಗ ಹಾಡಬೇಕು. ಕಡುಬು ಕಟ್ಟುವಾಗ, ರೊಟ್ಟಿ ಬಡಿಯುವಾಗ. ನಿನ್ನ ಅತ್ತೆಯ ವಾರಿಗೆಯವರು ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಒಂದು ದಿನ ಮನೆಗೆ ಕರೆದು ಸುಮ್ನೆ ಜೊತೆಗೆ ಅಡುಗೆ ಮಾಡು. ಹಾಡು ಅಂತ ಕೇಳಿದರೆ ಬರಲ್ಲ ಅಂತಾರೆ. ಹಿಟ್ಟು ಮುಂದಿಟ್ಟರೆ ತಾನಾಗಿ ಬರುತ್ತದೆ.

ಚಿತ್ರದುರ್ಗದಿಂದ

1997ರವರೆಗೆ ದಾವಣಗೆರೆಯೂ ನಮ್ಮ ಜಿಲ್ಲೆಯೇ. ಹಾಗಾಗಿ ನಮ್ಮ ಮನೆಯ ಪದ್ಧತಿ ನಿಮಗೂ ಹೊಂದುತ್ತದೆ ಅಂದುಕೊಳ್ಳುತ್ತೇನೆ.

ನಮ್ಮಲ್ಲಿ ಯುಗಾದಿಯಿಂದ ಶುರು ಮಾಡಿದೆವು. ಮೊದಲ ಕೆಲಸ, ಬೇವಿನ ಹೂ ಮಕ್ಕಳೇ ಕಿತ್ತು ತರಬೇಕು. ಆ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ ಅನ್ನೋದು ಹಾಗೇ ತಿಳಿಯುತ್ತದೆ. ಎರಡನೆಯದು ಹೋಳಿಗೆ. ಒಂದು ವರ್ಷ ಸಮಯವಿಲ್ಲ ಅಂತ ಹೊರಗಿಂದ ತರಿಸಿದೆ. ಸಂಜೆ ಅಪ್ಪ ಕೇಳಿದರು, "ಹೋಳಿಗೆ ಸಾರು ಎಲ್ಲಿ?" ತಂದ ಹೋಳಿಗೆಗೆ ಬೇಳೆಕಟ್ಟು ಎಲ್ಲಿಂದ ಬರಬೇಕು! ಅವರು ಬೇರೇನೂ ಅನ್ನಲಿಲ್ಲ, ಆದರೆ ನನಗೆ ತುಂಬ ಬೇಜಾರಾಯಿತು. ಅಂದಿನಿಂದ ಮನೆಯಲ್ಲೇ.

ಮಗಳಿಗೆ ಕೊಟ್ಟಿರುವ ಕೆಲಸ ಬೇಳೆ ನೋಡುವುದು. ಕಡಲೆಬೇಳೆ ಕುದಿಯುವಾಗ ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಬೇಕು. ನುರಿಯಬೇಕು, ಆದರೆ ಕಾಳಿನ ಆಕಾರ ಪಾತ್ರೆಯಲ್ಲಿ ಹಾಗೇ ಇರಬೇಕು. ಜಾಸ್ತಿ ಬೆಂದರೆ ಕಟ್ಟು ಗಂಜಿಯಾಗುತ್ತದೆ, ಹೂರಣ ನೀರಾಗಿ ಕಣಕ ಹರಿಯುತ್ತದೆ. ಕಟ್ಟು ಬಸಿದು ಬದಿಗಿಟ್ಟು, ಬೇಳೆಗೆ ಬೆಲ್ಲ ಹಾಕಿ ನೀರು ಇಂಗುವವರೆಗೆ ಕೈಯಾಡಿಸಿ, ಆಮೇಲೆ ರುಬ್ಬುವುದು. ಸಾರಿಗೂ ಒಂದು ಹಿಡಿ ಹೂರಣ ಬೀಳಬೇಕು. ಮರುದಿನ ಆ ಸಾರು ಇನ್ನೂ ರುಚಿ. ಅವತ್ತು ಸಂಜೆ ಚಂದ್ರನನ್ನು ನೋಡಲು ಮಾಳಿಗೆ ಹತ್ತಬೇಕು. ಕಂಡ ಕೂಡಲೇ ಹಿರಿಯರ ಕಾಲಿಗೆ ಬೀಳುತ್ತಾರೆ. ನಮ್ಮ ಮಕ್ಕಳಲ್ಲಿ ಮೊದಲು ಯಾರು ಆ ಗೆರೆಯಂಥ ಚಂದ್ರನನ್ನು ಕಂಡರು ಅನ್ನೋದೇ ದೊಡ್ಡ ಸಡಗರ.

ನ್ಯಾಮತಿ ತಾಲ್ಲೂಕಿನ ಲಂಬಾಣಿ ತಾಂಡಾದಿಂದ

ಅಕ್ಕ, ನಮ್ಮ ದೀಪಾವಳಿ ನೋಡಲು ಬನ್ನಿ. ಅಮಾವಾಸ್ಯೆ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮೊದಲು ತಾಂಡಾದ ಮುಖಂಡರಾದ ನಾಯ್ಕರ ಮನೆಗೆ, ಆಮೇಲೆ ಮನೆಮನೆಗೆ ಹೋಗುತ್ತಾರೆ. ಮನೆ ಚೆನ್ನಾಗಿರಲಿ ಅಂತ ಹಾಡಿ ಹರಸುತ್ತಾರೆ. ಇದಕ್ಕೆ ಮೇರಾ ಅನ್ನುತ್ತೇವೆ. ಮಾರನೇ ದಿನ ಬುಟ್ಟಿ ಹಿಡಿದು ಹೂ ತರಲು ಅಡವಿ ಕಡೆ ಹೋಗುತ್ತಾರೆ, ದಾರಿಯುದ್ದಕ್ಕೂ ಹಾಡು. ಬರುವ ವರ್ಷ ಮದುವೆಯಾಗಿ ಹೋಗುವವರು ಆ ಹಾಡುಗಳಲ್ಲಿ ಅಳುತ್ತಾರೆ. ನನ್ನ ತಂಗಿಗೆ ಬರವಣಿಗೆಯಲ್ಲಿ ಒಂದು ಹಾಡೂ ಇಲ್ಲ, ಎಲ್ಲ ಬಾಯಲ್ಲೇ ಇವೆ. ಐದನೇ ವಯಸ್ಸಿನಿಂದ ದೊಡ್ಡವರ ಹಿಂದೆ ನಡೆದು ಕಲಿತದ್ದು.

ದಾವಣಗೆರೆ ಪೇಟೆಯಿಂದ

ಹೊಲ ಇಲ್ಲದವರಿಗೂ ದಾರಿ ಇದೆ. ಗಣೇಶನ ಹಬ್ಬ ಕಳೆದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಕೂರಿಸಿಕೊಂಡು ಹೆಂಗಸರು ಹಾಡುತ್ತಾ ಬರುತ್ತಾರೆ. ನಮ್ಮ ಓಣಿಗೆ ಈಗಲೂ ಬರುತ್ತಾರೆ. ಮೊದಲೆಲ್ಲ ನಾವು ಬಾಗಿಲಲ್ಲೇ ದುಡ್ಡು ಕೊಟ್ಟು ಕಳಿಸುತ್ತಿದ್ದೆವು. ಈಗ ಒಳಗೆ ಕರೆದು ಕೂರಿಸುತ್ತೇವೆ. ಮಗ ಜೋಕುಮಾರನ ಬಾಯಿಗೆ ಬೆಣ್ಣೆ ಹಚ್ಚುತ್ತಾನೆ, ಮೊರದಲ್ಲಿ ಜೋಳ ಕೊಡುತ್ತಾನೆ, ಪೂರ್ತಿ ಹಾಡು ಕೇಳುತ್ತಾನೆ. ಮಳೆ ತರುವವನು ಇವನೇ ಅಂತ ಆ ಅಮ್ಮನೇ ಅವನಿಗೆ ಹೇಳಿದರು. ನಾನು ಹೇಳಿದ್ದರೆ ಅಷ್ಟು ನಂಬುತ್ತಿರಲಿಲ್ಲ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಓದುತ್ತಾ ಕಣ್ಣು ತುಂಬಿ ಬಂತು. ಅತ್ತೆಯ ಗೆಳತಿ ಒಬ್ಬರು ಇಲ್ಲೇ ಹಿಂದಿನ ಬೀದಿಯಲ್ಲಿದ್ದಾರೆ, ನಾಳೆಯೇ ಹೋಗಿ ಮಾತಾಡಿಸುತ್ತೇನೆ. ಹೊನ್ನಾಳಿಯ ಅಮ್ಮ, ನಮಗೆ ಹೊಲವಿಲ್ಲ. ಹುಣ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ನಿಮ್ಮ ಹೊಲಕ್ಕೆ ಬರಬಹುದಾ?

ಹೊನ್ನಾಳಿ ಕಡೆಯ ಹಳ್ಳಿಯಿಂದ

ಕೇಳುವುದೇನಿದೆಯಮ್ಮ, ಬಾ. ಹಿಂದಿನ ರಾತ್ರಿಯೇ ಬಂದುಬಿಡು, ಕಡುಬು ಕಟ್ಟಲು ಕೈ ಬೇಕು. ಚರಗದ ಹಿಂದೆ ನೀರು ಚಿಮುಕಿಸಲು ನಿನ್ನ ಮಗ ಸರಿಯಾಗುತ್ತಾನೆ, ಅವನಿಗೊಂದು ಚಿಕ್ಕ ತಂಬಿಗೆ ತಾ.