ಅರ್ಧ ಇಂಚಿನ ಪೈಪಿಗೆ ಥ್ರೆಡ್ ಹಾಕಿದೆ, ಎಲ್ಬೋ ಎರಡೇ ಸುತ್ತಿಗೆ ಬಿಗಿಯುತ್ತಿದೆ. ಯಾವ ಡೈ ಸೆಟ್ ತಗೊಳ್ಳಲಿ?

ಪ್ರಶ್ನೆ: ಮನೆಯ ಹಳೆ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿನ ಒಂದು ತುದಿ ತುಕ್ಕು ಹಿಡಿದು ಉದುರಿತ್ತು. ಅದನ್ನು ಕತ್ತರಿಸಿ, ಪರಿಚಯದವರ ಹತ್ತಿರ ಇದ್ದ ಡೈಯಲ್ಲಿ (ಥ್ರೆಡ್ ಕೊರೆಯುವ ಉಪಕರಣ) ಹೊಸ ಥ್ರೆಡ್ ಹಾಕಿದೆ. ನೋಡೋಕೆ ಚೆನ್ನಾಗೇ ಬಂದಿದೆ. ಆದರೆ ಹಳೆ ಎಲ್ಬೋ ಕೈಯಲ್ಲಿ ಎರಡು ಸುತ್ತು ಹೋಗಿ ನಿಂತುಬಿಡುತ್ತದೆ. ರೆಂಚ್ ಹಾಕಿ ಬಿಗಿ ಮಾಡಿದರೂ ನೀರು ಜಿನುಗುತ್ತಿದೆ. ಟೆಫ್ಲಾನ್ ಟೇಪ್ ಎರಡು ಸಲ ಬದಲಿಸಿದೆ. ಡೈ ಸವೆದಿದೆಯಾ? ಸ್ವಂತಕ್ಕೆ ಒಂದು ಸೆಟ್ ತಗೊಳ್ಳೋಣ ಅಂತಿದ್ದೇನೆ.

ಉತ್ತರ 1: ಟೇಪ್ ಜಾಸ್ತಿ ಸುತ್ತಬೇಡಿ, ತಪ್ಪು ಅಲ್ಲಿಲ್ಲ. ಡೈ ಮೇಲೆ ಏನು ಕೊರೆದಿದೆ ನೋಡಿ. ಬಿಎಸ್‌ಪಿಟಿ ಅಂತಿದೆಯಾ, ಎನ್‌ಪಿಟಿ ಅಂತಿದೆಯಾ? ಇವು ಪೈಪ್ ಥ್ರೆಡ್ಡಿನ ಎರಡು ಬೇರೆ ಬಗೆ, ಮೊದಲನೆಯದು ಬ್ರಿಟಿಷ್, ಎರಡನೆಯದು ಅಮೆರಿಕನ್.

ಪ್ರಶ್ನೆ ಕೇಳಿದವರು: ಎನ್‌ಪಿಟಿ ಅಂತಿದೆ ಸರ್.

ಉತ್ತರ 1: ಹಾಗಾದರೆ ನಿಮ್ಮ ಎಲ್ಬೋ ಬಿಎಸ್‌ಪಿ, ಅಂದರೆ ಬ್ರಿಟಿಷ್ ಬಗೆ ಇರಬೇಕು. ಅದರಲ್ಲೇ ತುದಿಯ ಕಡೆ ಸಣ್ಣಗಾಗುವ ಇಳಿಜಾರು ಥ್ರೆಡ್ಡಿಗೆ ಬಿಎಸ್‌ಪಿಟಿ ಅನ್ನೋದು. ಅರ್ಧ ಇಂಚು, ಮುಕ್ಕಾಲು ಇಂಚು ಎರಡರಲ್ಲೂ ಈ ಎರಡು ಬಗೆಗೂ ಇಂಚಿಗೆ 14 ಥ್ರೆಡ್ಡೇ. ಅದಕ್ಕೇ ಶುರುವಿನಲ್ಲಿ ಸಲೀಸಾಗಿ ಕೂತು ಮೋಸ ಮಾಡುತ್ತದೆ. ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ತುದಿ ದುಂಡಗೆ. ಎನ್‌ಪಿಟಿದು 60 ಡಿಗ್ರಿ, ತುದಿ ಚಪ್ಪಟೆ. ಅರ್ಧ ಇಂಚಿನ ಎನ್‌ಪಿಟಿ ಸ್ವಲ್ಪ ದಪ್ಪ ಕೂಡ. ಹಾಗಾಗಿ ಬೇಗ ಬಿಗಿಯುತ್ತದೆ, ಆದರೆ ಹಲ್ಲಿಗೆ ಹಲ್ಲು ಸೇರುವುದಿಲ್ಲ. ಆ ಸಂದಿಯಲ್ಲೇ ನೀರು ಜಿನುಗುವುದು. ಒಂದು ಇಂಚಿನ ಪೈಪಿನಲ್ಲಾದರೆ ಇಂಚಿಗೆ ಬಿಎಸ್‌ಪಿ 11 ಥ್ರೆಡ್, ಎನ್‌ಪಿಟಿ ಹನ್ನೊಂದೂವರೆ. ಅಲ್ಲಿ ಎಣಿಸಿದರೇ ಗೊತ್ತಾಗುತ್ತದೆ.

ನನ್ನ ಮಾತು ಕೇಳಿ, ಸೆಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಮನೆಯ ಫಿಟ್ಟಿಂಗ್ ಯಾವುದೋ ಡೈಯೂ ಅದೇ ಇರಬೇಕು. ಪೆಟ್ಟಿಗೆಯಲ್ಲಿ ಎಷ್ಟು ಸೈಜ್ ಇದೆ ಅನ್ನೋದು ಆಮೇಲಿನ ಮಾತು. ಮನೆ ರಿಪೇರಿಗೆ ಅರ್ಧ, ಮುಕ್ಕಾಲು, ಒಂದು ಇಂಚು ಇದ್ದರೆ ಧಾರಾಳ.

ಉತ್ತರ 2: ಇನ್ನೊಂದು ವಿಷಯ. ನಿಮ್ಮ ಪೈಪ್ ಗೋಡೆಯಿಂದ ಹೊರಗೆ ಬಂದಿದೆಯಾ? ಹಾಗಿದ್ದರೆ ರ‍್ಯಾಚೆಟ್ ಹಿಡಿ ಇರುವುದನ್ನೇ ತಗೊಳ್ಳಿ. ಪೂರ್ತಿ ಸುತ್ತಲು ಜಾಗ ಇಲ್ಲದಿದ್ದರೂ ಹಿಂದೆ ಮುಂದೆ ಆಡಿಸಿ ಕತ್ತರಿಸಬಹುದು. ಗೋಡೆಯ ಕಡೆ ಪೈಪ್ ರೆಂಚ್ ಹಾಕಿ ಗಟ್ಟಿಯಾಗಿ ಹಿಡಿಯೋದು ಮರೆಯಬೇಡಿ. ಇಲ್ಲದಿದ್ದರೆ ಡೈ ಜೊತೆ ಪೈಪೂ ತಿರುಗಿ ಗೋಡೆಯೊಳಗಿನ ಜಾಯಿಂಟ್ ಸಡಿಲವಾಗುತ್ತದೆ. ಆ ಸಂಕಟ ನಾನು ಪಟ್ಟಿದ್ದೇನೆ, ಗೋಡೆ ಒಡೆಯಬೇಕಾಯಿತು.

ಡೈಯೊಳಗಿನ ಕತ್ತರಿಸುವ ಹಲ್ಲುಗಳನ್ನು ಬಿಡಿಯಾಗಿ ಬದಲಿಸಲು ಬರುತ್ತದಾ ಅಂತಲೂ ಕೇಳಿ. ನಾಲ್ಕು ಹಲ್ಲಿಗೂ ನಂಬರ್ ಇರುತ್ತದೆ. ಅದೇ ನಂಬರಿನ ತೋಡಿನಲ್ಲಿ ಕೂರಿಸಬೇಕು, ಅದಲು ಬದಲಾದರೆ ಥ್ರೆಡ್ ಹರಿದು ಬರುತ್ತದೆ.

ಪ್ರಶ್ನೆ ಕೇಳಿದವರು: ಈಗ ಹಾಕಿರುವ ಥ್ರೆಡ್ ಮೇಲೇ ಬಿಎಸ್‌ಪಿಟಿ ಡೈ ಓಡಿಸಬಹುದಾ? ಎಣ್ಣೆ ಯಾವುದು?

ಉತ್ತರ 1: ಬೇಡ. ಅಷ್ಟು ಭಾಗ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಮುಖ ನೇರವಾಗಿರಲಿ. ಹೊರಗಿನ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ, ಒಳಗಿನ ಚೂಪನ್ನೂ ತೆಗೆಯಿರಿ. ಡೈಯ ಅಗಲ ಬಾಯಿ ಪೈಪಿನ ಕಡೆ ಇರಲಿ. ಶುರುವಿನಲ್ಲಿ ಅಂಗೈಯಿಂದ ಒತ್ತಬೇಕು, ಹಲ್ಲು ಕಚ್ಚಿದ ಮೇಲೆ ತಾನೇ ಎಳೆದುಕೊಂಡು ಹೋಗುತ್ತದೆ. ಎಣ್ಣೆ ಥ್ರೆಡ್ ಕತ್ತರಿಸುವುದಕ್ಕೇ ಇರುವುದು ಹಾಕಿ, ಧಾರಾಳವಾಗಿ ಹಾಕಿ. ಸಿಂಬೆ ಸುತ್ತಿದ ಹಾಗೆ ಲೋಹದ ಎಳೆ ಬಂದರೆ ಸರಿಯಾಗಿದೆ. ಪುಡಿಪುಡಿಯಾಗಿ ಬಂದು ಕಿರುಗುಟ್ಟಿದರೆ ಎಣ್ಣೆ ಸಾಲದು, ಇಲ್ಲವೇ ಹಲ್ಲು ಮೊಂಡಾಗಿದೆ. ಪೈಪಿನ ತುದಿ ಡೈಯ ಆಚೆ ಬದಿಯ ಮುಖಕ್ಕೆ ಸಮ ಆದಾಗ ನಿಲ್ಲಿಸಿ. ಇನ್ನೂ ಮುಂದೆ ಹೋದರೆ ಥ್ರೆಡ್ಡಿನ ಇಳಿಜಾರು ಕಳೆದು ಜಾಯಿಂಟ್ ಸಡಿಲವಾಗುತ್ತದೆ. ಕುಡಿಯುವ ನೀರಿನ ಪೈಪಾದರೆ ಆಮೇಲೆ ಚೆನ್ನಾಗಿ ನೀರು ಹರಿಸಿಬಿಡಿ. ಗ್ಯಾಸ್ ಪೈಪನ್ನು ಮಾತ್ರ ನೀವೇ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಬಿಎಸ್‌ಪಿಟಿ ರ‍್ಯಾಚೆಟ್ ಸೆಟ್ ತಂದು ಹೊಸದಾಗಿ ಥ್ರೆಡ್ ಹಾಕಿದೆ. ಎಲ್ಬೋ ಕೈಯಲ್ಲೇ ನಾಲ್ಕು ಸುತ್ತು ಹೋಯಿತು, ರೆಂಚಿನಲ್ಲಿ ಇನ್ನೊಂದೂವರೆ. ರಾತ್ರಿ ಕೆಳಗೆ ಒಣ ಕಾಗದ ಇಟ್ಟಿದ್ದೆ, ಬೆಳಿಗ್ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಉತ್ತರ 2: ಒಳ್ಳೇದಾಯಿತು. ಎಲ್ಬೋ ಹೊರಗೆ ಕಾಣುವ ಥ್ರೆಡ್ಡಿಗೆ ಸ್ವಲ್ಪ ಬಣ್ಣ ಬಳಿದುಬಿಡಿ. ಅಲ್ಲಿ ಸತುವಿನ ಲೇಪ ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರುವಾಗೋದು.