ಡಿಸೆಂಬರ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡದ ಮೇಲೆ ಎರಡು ರಾತ್ರಿ ಟೆಂಟ್: ಏನು ತಗೊಳ್ಳೋದು, ಹೇಗೆ ತುಂಬೋದು?

ಹಾಸನದ_ಹುಡುಗ:
ಡಿಸೆಂಬರ್ ಎರಡನೇ ವಾರ ನಾಲ್ಕು ಜನ ಹೊರಟಿದ್ದೇವೆ. ಮೂಡಿಗೆರೆ ಹತ್ತಿರ ಪರಿಚಯದವರ ಕಾಫಿ ತೋಟ, ಅದರ ಮೇಲ್ಗಡೆ ಹುಲ್ಲುಗುಡ್ಡ. ಜಾಗ ಅವರದ್ದೇ, ಒಪ್ಪಿಗೆ ಸಿಕ್ಕಿದೆ. ಜೀಪ್ ನಿಲ್ಲೋ ಕಡೆಯಿಂದ ಎರಡು ಕಿಲೋಮೀಟರ್ ಏರು, ಎಲ್ಲ ಹೊತ್ತುಕೊಂಡೇ ಹೋಗಬೇಕು. ನಾಲ್ಕು ಜನರ ಟೆಂಟ್ ಒಂದು ಸಾಕಾ, ಇಬ್ಬರದ್ದು ಎರಡು ಬೇಕಾ? ಸ್ಲೀಪಿಂಗ್ ಬ್ಯಾಗ್ ಮೇಲೆ 10, 5, 0 ಡಿಗ್ರಿ ಅಂತ ಮೂರು ಮೂರು ಅಂಕಿ ಇರುತ್ತೆ, ಯಾವುದನ್ನ ನೋಡಬೇಕು? ಗ್ಯಾಸ್ ಎಷ್ಟು ಹಿಡಿಯುತ್ತೆ? 55 ಲೀಟರಿನ ಬ್ಯಾಗ್‌ಗಳಿವೆ, ಯಾವುದು ಕೆಳಗೆ ಯಾವುದು ಮೇಲೆ ಅನ್ನೋದೂ ತಿಳಿಸಿ.

ಮಂಜಿನ_ಮಲೆ:
ನಮ್ಮ ಕಡೆ ಆ ತಿಂಗಳಲ್ಲಿ ನಿದ್ದೆ ಕೆಡಿಸೋದು ಚಳಿಗಿಂತ ಹೆಚ್ಚಾಗಿ ತೇವ. ಮಳೆ ಹನಿ ಬೀಳದಿದ್ದರೂ ಬೆಳಗಿನ ಜಾವ ಟೆಂಟ್ ಮೇಲಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತೆ. ಒಳಗೆ ಮಲಗಿದವರ ಉಸಿರಿನ ಹಬೆ ಬೇರೆ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತೆ. ಒಂದೇ ಪದರದ ಅಗ್ಗದ ಟೆಂಟ್ ಸೋರುತ್ತೆ ಅಂತ ಬೈಯೋರು ಬಹಳ ಸಲ ನೋಡ್ತಿರೋದು ತಮ್ಮದೇ ಉಸಿರಿನ ನೀರನ್ನ.

ಹಾಗಾಗಿ ಎರಡು ಪದರದ್ದೇ ತಗೊಳ್ಳಿ. ಒಳಗಿನದು ಗಾಳಿಯಾಡೋ ಬಟ್ಟೆ ಮತ್ತು ಜಾಲರಿ, ಹೊರಗಿನದು ನೀರು ತಡೆಯೋ ಹೊದಿಕೆ. ಹೊದಿಕೆಗೆ 2,000 ಮಿ.ಮೀ., ತಳಕ್ಕೆ 3,000 ಮಿ.ಮೀ. (ಬಟ್ಟೆ ಸೋರದೆ ತಡೆಯೋ ನೀರಿನ ಎತ್ತರದ ಅಳತೆ) ಅಂತ ಬರೆದಿದ್ದರೆ ಸಾಕು. ಮಲಗಿದವರ ಮೊಣಕೈ, ಮಂಡಿ ಒತ್ತೋದು ತಳವನ್ನೇ, ಅದಕ್ಕೇ ತಳಕ್ಕೆ ಹೆಚ್ಚು ಬೇಕು. ಹಾಕುವಾಗ ಎರಡು ಪದರದ ನಡುವೆ ಅಂಗೈ ತೂರುವಷ್ಟು ಸಂದು ಇರಲಿ. ಎರಡೂ ಅಂಟಿಕೊಂಡರೆ ಎರಡು ಪದರ ಇದ್ದೂ ಪ್ರಯೋಜನವಿಲ್ಲ. ಚಳಿ ಅಂತ ಮೇಲಿನ ಗಾಳಿಕಿಂಡಿ ಮುಚ್ಚಲೇಬೇಡಿ.

ಇಬ್ಬರದ್ದು ಎರಡು ಟೆಂಟೇ ಒಳ್ಳೇದು. 'ನಾಲ್ಕು ಜನ' ಅಂತ ಬರೆದಿದ್ದರಲ್ಲಿ ಬ್ಯಾಗ್ ಸಮೇತ ನೆಮ್ಮದಿಯಾಗಿ ಮಲಗೋದು ಮೂವರೇ. ಗುಡ್ಡದ ಮೇಲೆ ನಾಲ್ಕು ಜನ ಹಿಡಿಸುವಷ್ಟು ಅಗಲದ ಸಮತಟ್ಟು ಜಾಗ ಸಿಗೋದೂ ಕಷ್ಟ.

ಹಳೇ ಟೆಂಟ್ ಆದರೆ ಕತ್ತಲೆ ಕೋಣೆಯಲ್ಲಿ ಹೊಲಿಗೆ ಪರೀಕ್ಷೆ ಮಾಡಿ. ಒಳಗೆ ಟಾರ್ಚ್ ಹಚ್ಚಿಟ್ಟು ಹೊರಗಿಂದ ನೋಡಿದರೆ ಹೊಲಿಗೆ ಉದ್ದಕ್ಕೂ ಅಂಟಿಸಿದ ಪಟ್ಟಿ ಕಾಣುತ್ತೆ. ಪಟ್ಟಿಯ ಅಂಚು ಉಗುರಿಗೆ ಸಿಕ್ಕಿ ಏಳುತ್ತಿದ್ದರೆ, ಬಿಳಿ ಹೊಟ್ಟಿನಂತೆ ಉದುರುತ್ತಿದ್ದರೆ ನೀರು ಬರೋದು ಅಲ್ಲಿಂದಲೇ. ಸಡಿಲ ಪಟ್ಟಿ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿ, ಸೀಮ್ ಸೀಲರ್ (ಹೊಲಿಗೆ ಸಂದು ಮುಚ್ಚೋ ಅಂಟು) ತೆಳ್ಳಗೆ ಹಚ್ಚಿ ಒಂದು ದಿನ ಒಣಗಲು ಬಿಡಿ.

ಕೆಳಗೆ ಹಾಸೋ ಟಾರ್ಪಾಲು ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಾದರೆ ಹೊದಿಕೆಯಿಂದ ಇಳಿದ ನೀರನ್ನ ಅದೇ ಹಿಡಿದು ನಿಮ್ಮ ಬೆನ್ನಡಿಗೆ ತಂದು ನಿಲ್ಲಿಸುತ್ತೆ. ಹುಲ್ಲುಗುಡ್ಡದಲ್ಲಿ ಒಂದು ಗೇಣು ಅಗೆದರೆ ಬಂಡೆ ಸಿಗುತ್ತೆ, ಗೂಟ ಪೂರ್ತಿ ಇಳಿಯಲ್ಲ. ಹಗ್ಗವನ್ನ ದಪ್ಪ ಕಲ್ಲಿಗೆ ಸುತ್ತಿ, ಅದರ ಮುಂದೆ ಇನ್ನೊಂದು ಭಾರದ ಕಲ್ಲು ಒತ್ತರಿಸಿ. ಅದಕ್ಕೆ ಐದಾರು ಮೀಟರ್ ಹಗ್ಗ ಹೆಚ್ಚಿಗೆ ಇರಲಿ.

ಬೇಲೂರು_ಬುತ್ತಿ:
ಟೆಂಟ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಸ್ಲೀಪಿಂಗ್ ಬ್ಯಾಗ್‌ನಲ್ಲಿ ನೋಡಬೇಕಾದ್ದು 'ಕಂಫರ್ಟ್' ಅಂಕಿ ಮಾತ್ರ, ಅಂದ್ರೆ ನೆಮ್ಮದಿಯಾಗಿ ನಿದ್ದೆ ಬರೋ ಚಳಿಯ ಮಟ್ಟ. 'ಎಕ್ಸ್‌ಟ್ರೀಮ್' ಅಂದ್ರೆ ಜೀವ ಉಳಿಯೋ ಮಟ್ಟ, ನಿದ್ದೆ ಬರೋ ಮಟ್ಟ ಅಲ್ಲ. ಕೆಲವರು ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಮಾರ್ತಾರೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿ 1,930. ಪೇಟೆಯಲ್ಲಿ 14 ಇದ್ದ ರಾತ್ರಿ ತುದಿಯಲ್ಲಿ 9ರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನ್ನಿಸುತ್ತೆ. ನಿಮ್ಮ ಗುಡ್ಡ ಅಷ್ಟು ಎತ್ತರ ಇರಲಿಕ್ಕಿಲ್ಲ. ಕಂಫರ್ಟ್ 8ರಿಂದ 10 ಡಿಗ್ರಿ ಇರೋದು ಸಾಕು. ಪುಕ್ಕ ತುಂಬಿದ್ದು ಬೇಡ, ಒದ್ದೆಯಾದರೆ ಉಂಡೆಕಟ್ಟಿ ಬೆಚ್ಚಗಿಡೋದನ್ನೇ ಬಿಡುತ್ತೆ. ಸಿಂಥೆಟಿಕ್ ತಗೊಳ್ಳಿ.

ಬ್ಯಾಗ್‌ಗಿಂತ ಮ್ಯಾಟ್ ಮುಖ್ಯ ಮಾರಾಯ್ರೆ. ಮೈ ಭಾರಕ್ಕೆ ಬ್ಯಾಗಿನೊಳಗೆ ತುಂಬಿದ್ದು ಬೆನ್ನಡಿಯಲ್ಲಿ ಅಪ್ಪಚ್ಚಿಯಾಗಿ, ನೆಲ ನೇರವಾಗಿ ಶಾಖ ಎಳೀತದೆ. 10 ಮಿ.ಮೀ. ಫೋಮ್ ಮ್ಯಾಟ್ ತಲೆಗೊಂದು ಬೇಕೇ ಬೇಕು.

ಗ್ಯಾಸ್ ಲೆಕ್ಕ: ಕಾಫಿಗೆ ನಾಲ್ಕು ಸಲ ಒಂದೊಂದು ಲೀಟರ್, ಎರಡು ರಾತ್ರಿ ಅನ್ನ ಸಾರಿಗೆ ಆರು, ಎರಡು ಬೆಳಗ್ಗೆ ತಿಂಡಿಗೆ ಮೂರು, ಕುದಿಸಿದ ನೀರಿಗೆ ಎರಡು. ಒಟ್ಟು 15 ಲೀಟರ್. ಗಾಳಿಯಲ್ಲಿ ಲೀಟರಿಗೆ 15ರಿಂದ 20 ಗ್ರಾಂ ಹಿಡೀರಿ. 230 ಗ್ರಾಂ ಕ್ಯಾನ್ ಒಂದು ಸಾಲಲ್ಲ, ಎರಡು ಬೇಕು. ಕೊಳ್ಳುವಾಗ ನಿಮ್ಮ ಬರ್ನರಿನ ತಿರುಪು ಆ ಕ್ಯಾನಿಗೆ ಕೂರುತ್ತಾ ಅಂತ ಅಂಗಡಿಯಲ್ಲೇ ಕೂರಿಸಿ ನೋಡಿ. ಉದ್ದನೆ ಕ್ಯಾನ್, ಗಿಡ್ಡ ಕ್ಯಾನ್ ಎರಡರ ಬಾಯಿ ಬೇರೆ ಬೇರೆ. ಗಾಳಿಗೆ ತಡೆ ಬೇಕು ಅಂತ ಕ್ಯಾನ್ ಸುತ್ತ ಪೂರ್ತಿ ತಗಡು ಕಟ್ಟಬೇಡಿ, ಕ್ಯಾನ್ ಬಿಸಿಯಾಗಿ ಸಿಡಿಯೋ ಅಪಾಯ. ಗಾಳಿ ಬರೋ ಒಂದು ಕಡೆ ಮಾತ್ರ ಮರೆ ಮಾಡಿ. ಟೆಂಟಿನೊಳಗೆ ಸ್ಟವ್ ಹಚ್ಚೋದು ಯಾವ ಕಾರಣಕ್ಕೂ ಬೇಡ, ಬೆಂಕಿಯ ಭಯದ ಜೊತೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತೆ.

400 ಗ್ರಾಂ ರವೆ ಮನೆಯಲ್ಲೇ ಹುರಿದು, ಒಗ್ಗರಣೆ ಉಪ್ಪು ಬೆರೆಸಿ ಕವರಿಗೆ ಹಾಕಿಕೊಳ್ಳಿ. ಅಲ್ಲಿ 1.2 ಲೀಟರ್ ನೀರು ಕುದಿಸಿ ಸುರಿದರೆ ನಾಲ್ಕು ಜನಕ್ಕೆ ಉಪ್ಪಿಟ್ಟು.

ಹಾಸನದ_ಹುಡುಗ:
ತುಂಬಾ ಉಪಕಾರ. ಬ್ಯಾಗ್ ತುಂಬೋದು ಬಾಕಿ. ಜಿಗಣೆಗೆ ಏನು ಮಾಡೋದು? ರಾತ್ರಿ ಬೆಂಕಿ ಹಾಕಬಹುದಾ?

ಆಲೂರು_ಆನೆದಾರಿ:
ಬೆಂಕಿ ಬೇಡ. ಡಿಸೆಂಬರ್‌ಗೆ ಹುಲ್ಲು ಒಣಗಲು ಶುರುವಾಗಿರುತ್ತೆ, ಒಂದು ಕಿಡಿ ಹಾರಿದರೆ ಗುಡ್ಡ ಹೊತ್ತಿ ಕೆಳಗಿನ ತೋಟಕ್ಕೂ ಇಳಿಯುತ್ತೆ.

ತುಂಬೋ ಮೊದಲು ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಡಿ. ಹೊರಗಿನ ರೇನ್ ಕವರ್ ಬೆನ್ನಿನ ಕಡೆ ಮುಚ್ಚಲ್ಲ, ನೀರು ಅಲ್ಲಿಂದಲೇ ನುಗ್ಗೋದು. ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಮೇಲೆ ರಾತ್ರಿ ಬಟ್ಟೆ. ಭಾರದ್ದೆಲ್ಲ, ಅಂದ್ರೆ ಅಕ್ಕಿ, ಪಾತ್ರೆ, ಗ್ಯಾಸ್, ನೀರು, ಬೆನ್ನಿಗೆ ಅಂಟಿಕೊಂಡು ಹೆಗಲೆಲುಬಿನ ನಡುವೆ ಬರಲಿ. ಹೊರಗಡೆಗೆ ಹೋದರೆ ಏರಿನಲ್ಲಿ ಹಿಂದಕ್ಕೆ ಜಗ್ಗುತ್ತೆ, ತೀರಾ ಕೆಳಗಾದರೆ ಸೊಂಟ ಹಿಡಿಯುತ್ತೆ. ಪ್ಲಾಸ್ಟಿಕ್ ಬಾಯಿ ತಿರುಚಿ ಒಳಕ್ಕೆ ಮಡಚಿ. ಟೆಂಟ್ ಮಾತ್ರ ಆ ಚೀಲದ ಹೊರಗೆ ಇರಬೇಕು, ವಾಪಸ್ ಬರುವಾಗ ಅದು ಒದ್ದೆಯಾಗೇ ಇರುತ್ತೆ. ಕಂಬಿಗಳನ್ನ ಪಕ್ಕದಲ್ಲಿ ನೆಟ್ಟಗೆ ಕಟ್ಟಿ. ಹೆಡ್‌ಲ್ಯಾಂಪ್, ರೇನ್‌ಕೋಟ್, ಔಷಧ ಎಲ್ಲಕ್ಕಿಂತ ಮೇಲೆ. 60 ಕೆ.ಜಿ. ತೂಕದವರಿಗೆ 12 ಕೆ.ಜಿ. ಹೊರೆ ಸಾಕು.

ಜಿಗಣೆ ಹುಲ್ಲುಗುಡ್ಡದಲ್ಲಿ ಆಗ ಅಷ್ಟಾಗಿ ಇರಲ್ಲ, ತೋಟದ ನೆರಳಲ್ಲಿ, ಹಳ್ಳದ ಬದಿಯಲ್ಲಿ ಇರುತ್ತೆ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಸಾಕ್ಸ್ ಅದ್ದಿ ಒಣಗಿಸಿ, ಪ್ಯಾಂಟ್ ಅದರೊಳಗೆ ಸೇರಿಸಿ. ಕಚ್ಚಿದ್ದಕ್ಕೆ ಉಪ್ಪು ಸುರಿದರೆ ಹೊಟ್ಟೆಯಲ್ಲಿದ್ದದ್ದನ್ನ ಗಾಯಕ್ಕೇ ಕಕ್ಕಬಹುದು. ಉಗುರನ್ನ ಚರ್ಮಕ್ಕೆ ಒತ್ತಿ ಜಾರಿಸಿ ಬಾಯಿ ಬಿಡಿಸಿ, ಆಮೇಲೆ ಗಾಯ ಒತ್ತಿ ಹಿಡೀರಿ.

ಉಣುಗಿನ ಬಗ್ಗೆ ಅದಕ್ಕಿಂತ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ತರಗೆಲೆ ಮೇಲೆ ಬರಿಮೈಲಿ ಕೂರಬೇಡಿ. ಸಂಜೆ ಕಂಕುಳು, ತೊಡೆ ಸಂದಿ, ಕಿವಿ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ತಲೆ ಹತ್ತಿರ ಹಿಡಿದು ನೇರ ಎಳೀರಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದು ಹೇಳಿ.

ಹತ್ತೋ ಮುಂಚೆ ತೋಟದ ರೈಟರನ್ನ (ಕೆಲಸ ನೋಡಿಕೊಳ್ಳೋ ಮೇಲ್ವಿಚಾರಕರನ್ನ) ಆನೆ ಎಲ್ಲಿವೆ ಅಂತ ಕೇಳಿ. ಹತ್ತಿರ ಇವೆ ಅಂದ್ರೆ ಆ ರಾತ್ರಿ ಗುಡ್ಡ ಬಿಟ್ಟು ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಹತ್ತಿರ ಟೆಂಟ್ ಹಾಕಿ. ಕಾಫಿ ಒಣಗಿಸೋ ಕಣ ಸಮತಟ್ಟಾಗಿದೆ ಅಂತ ಅದನ್ನ ಕೇಳಬೇಡಿ, ಅರೇಬಿಕಾ ಕೊಯ್ಲಿನ ಸಮಯ, ಹಣ್ಣು ಹರಡಿರ್ತಾರೆ. ಬಾಳೆಹಣ್ಣು ಟೆಂಟಿನೊಳಗೆ ಇಡಲೇಬೇಡಿ.

ಮಂಜಿನ_ಮಲೆ:
ಒಂದು ಬಿಟ್ಟುಹೋಯ್ತು. ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿ ನೆರಳಲ್ಲಿ ಹರಡಿ. ಒದ್ದೆ ಸುತ್ತಿಟ್ಟರೆ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯುತ್ತೆ, ಒಳಗಿನ ಲೇಪ ಅಂಟಂಟಾಗಿ ಸುಲಿಯುತ್ತೆ. ಮೂಲೆಯ ಹೊಲಿಗೆ ಎಲ್ಲಕ್ಕಿಂತ ಕೊನೆಗೆ ಒಣಗೋದು, ಅಲ್ಲಿ ಬೆರಳಿಟ್ಟು ನೋಡಿ ಆಮೇಲೆ ಮಡಚಿ.