ಪದಪರೀಕ್ಷೆಯಿಂದಲೇ ಇಂಗ್ಲಿಷ್ ತರಗತಿ ನಿರ್ಧರಿಸಬಹುದೇ?

ಪ್ರಶ್ನೆ: ಹೊಸಬರನ್ನು ಮೂರು ಹಂತಗಳಿಗೆ ಹಂಚಬೇಕು. ‘ಈ ಪದ ಗೊತ್ತೇ? ಹೌದು/ಇಲ್ಲ’ ಮಾದರಿಯ ಪರೀಕ್ಷೆ ಸಾಕೇ? ಎಲ್ಲಕ್ಕೂ ‘ಹೌದು’ ಅಂದುಬಿಟ್ಟರೆ?

ಉತ್ತರ 1: ಅದಕ್ಕೇ ಸುಳ್ಳು ಪದ, ಅಂದರೆ ಇಂಗ್ಲಿಷಿನಲ್ಲಿ ಇಲ್ಲದ, ನಾವೇ ಕಟ್ಟಿದ ಪದ ಬೆರೆಸುವುದು. 40 ನಿಜ, 20 ಸುಳ್ಳು ಇರಲಿ. ನಿಜದಲ್ಲಿ 30ಕ್ಕೆ ‘ಹೌದು’ ಅಂದರೆ ಶೇ. 75, ಸುಳ್ಳಿನಲ್ಲಿ 5ಕ್ಕೆ ಅಂದರೆ ಶೇ. 25. ಕಳೆದರೆ ಉಳಿಯುವ 50 ಅವರ ಅಂಕ. ಆದರೆ ನಿಜ ಪದಕ್ಕೆ ತೀರಾ ಹತ್ತಿರದ ಸುಳ್ಳು ಪದ ಕಟ್ಟಬೇಡಿ: ‘ಪ್ಲಂಡರ್’ ಗೊತ್ತಿರುವವರು ‘ಪ್ಲೋಂಡರ್’ಗೂ ‘ಹೌದು’ ಅನ್ನುತ್ತಾರೆ, ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತಾರೆ.

ಉತ್ತರ 2: ನಿಜ ಪದಗಳನ್ನು ಬಳಕೆಯ ಪಟ್ಟಿಯಿಂದ (ಹೆಚ್ಚು ಬಳಸುವ ಪದದಿಂದ ಕಡಿಮೆ ಬಳಸುವ ಪದದವರೆಗೆ ಜೋಡಿಸಿದ ಪಟ್ಟಿ) ಆರಿಸಿ, ಮೊದಲ ನಾಲ್ಕು ಸಾವಿರ ಪದಗಳಲ್ಲಿ ಪ್ರತಿ ಸಾವಿರದಿಂದ 10. ಎರಡನೇ ಸಾವಿರದಲ್ಲೇ ಎಡವಿದವರಿಗೆ ಆರಂಭದ ತರಗತಿಯೇ ಸರಿ.

ಉತ್ತರ 3: ಓದಿ ಗುರುತಿಸಿದ ಪದ ಕಿವಿಗೆ ಬಿದ್ದಾಗ ತಿಳಿಯದಿರಬಹುದು. ಗಡಿಯಲ್ಲಿರುವವರನ್ನು ಐದು ನಿಮಿಷ ಮಾತಾಡಿಸಿಯೇ ತೀರ್ಮಾನಿಸಿ.